ಹುಣಸೂರಿನಿಂದ ಕುಟ್ಟಕ್ಕೆ: ಕಾಣದ ಹುಲಿಯ ಲೆಕ್ಕ

ಹುಣಸೂರಿನ ಹೊಗೆಸೊಪ್ಪಿನ ಹೊಲಗಳನ್ನು ದಾಟಿ ವೀರನಹೊಸಹಳ್ಳಿ ಗೇಟು ಹೊಕ್ಕರೆ ನಾಗರಹೊಳೆಯ ಕಾಡು. ಪ್ರವಾಸಿಗರ ಕಣ್ಣು ಹಡ್ಲುಗಳ (ಕಾಡಿನ ನಡುವಿನ ಜೌಗು ಹುಲ್ಲುಬಯಲುಗಳ) ಅಂಚಿನಲ್ಲಿ ಹುಲಿಗಾಗಿ ತಡಕಾಡುತ್ತದೆ. ಸಂಶೋಧಕರ ಕಣ್ಣು ನೆಟ್ಟಿರುವುದು ಮಣ್ಣುದಾರಿಯ ಮೇಲೆ: ಹೆಜ್ಜೆ, ಹಿಕ್ಕೆ, ಕೆರೆದ ನೆಲ. 1990ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗೆ ರೇಡಿಯೋ ಕಾಲರ್ (ಓಡಾಟದ ಜಾಡು ತಿಳಿಸುವ ಕೊರಳಪಟ್ಟಿ) ತೊಡಿಸಿದ್ದು ಇದೇ ಕಾಡಿನಲ್ಲಿ.

ಗುರುತು ಹೆಚ್ಚಿರುವ ಕವಲುಗಳಲ್ಲಿ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ) ಕಟ್ಟುತ್ತಾರೆ, ನೆಲದಿಂದ ಸುಮಾರು 45 ಸೆಂ.ಮೀ. ಎತ್ತರದಲ್ಲಿ. ಒಂದೊಂದು ಹುಲಿಯನ್ನೂ ಗುರುತಿಸುವುದು ಪಟ್ಟೆಗಳಿಂದ, ಆದರೆ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರುವುದಿಲ್ಲ. ಜೋಡಿಯಲ್ಲಿ ಒಂದು ಕೆಟ್ಟರೆ ಒಂದೇ ಹುಲಿ ಎರಡಾಗಿ ಎಣಿಕೆಗೆ ಬರಬಹುದು. ಎರಡನ್ನೂ ತೀರಾ ಎದುರುಬದುರು ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಬೆಳ್ಳಗಾಗಿಸುತ್ತದೆ, ತುಸು ಓರೆಯಾಗಿಡಬೇಕು. ಮುಂದಿನ ಹುಲ್ಲು ಸವರದಿದ್ದರೆ ಬಿಸಿಲಿನಲ್ಲಿ ಅದು ಅಲುಗಾಡಿದ್ದಕ್ಕೇ ಕ್ಯಾಮೆರಾ ಕ್ಲಿಕ್ಕಿಸಿ ಕಾರ್ಡು ತುಂಬುತ್ತದೆ, ಬ್ಯಾಟರಿ ಮುಗಿಯುತ್ತದೆ. ಹೊರಡುವ ಮುನ್ನ ಒಬ್ಬರು ಅದರೆದುರು ಅಂಬೆಗಾಲಿಟ್ಟು ಹೋಗಿ ಪರೀಕ್ಷಿಸಲೇಬೇಕು.

ಹುಲಿಯ ಊಟವಾದ ಜಿಂಕೆ, ಕಡವೆ, ಕಾಟಿಗಳ ಲೆಕ್ಕಕ್ಕೆ ಟ್ರಾನ್ಸೆಕ್ಟ್ ಲೈನ್, ಅಂದರೆ ಕಾಡಿನಲ್ಲಿ ಮೊದಲೇ ಗುರುತಿಸಿಟ್ಟ ನಡೆಯುವ ಗೆರೆ. ಬೆಳಗಿನ ಜಾವ ಇಬ್ಬರು ಮಾತಿಲ್ಲದೆ ನಡೆಯುತ್ತಾರೆ. ಒಣಗಿದ ತೇಗದೆಲೆಯ ಸದ್ದೇ ಮೊದಲ ಶತ್ರು. ಹಿಂಡು ಕಂಡರೆ ಅದರ ನಡುಭಾಗಕ್ಕೆ ರೇಂಜ್‌ಫೈಂಡರಿನಿಂದ (ದೂರ ಅಳೆಯುವ ಸಾಧನ) ದೂರ, ದಿಕ್ಸೂಚಿಯಿಂದ ಗೆರೆಗೂ ಹಿಂಡಿಗೂ ನಡುವಿನ ಕೋನ ಅಳೆಯಬೇಕು. 40 ಮೀಟರ್ ದೂರ, 30 ಡಿಗ್ರಿ ಕೋನವಾದರೆ ಗೆರೆಯಿಂದ ಲಂಬ ದೂರ 20 ಮೀಟರ್. ಈ ದೂರಗಳಿಂದಲೇ ಕಾಣದೆ ಉಳಿದವುಗಳ ಅಂದಾಜು. ಹೆಚ್ಚು ತಪ್ಪಾಗುವುದು ಇಲ್ಲೇ: ಪ್ರಾಣಿ ಓಡಿ ನಿಂತ ಜಾಗವನ್ನಲ್ಲ, ಮೊದಲು ಕಂಡಾಗ ಇದ್ದ ಜಾಗವನ್ನು ಅಳೆಯಬೇಕು. ಸಣ್ಣ ಕೋನವನ್ನು ಸೋಮಾರಿತನದಿಂದ ಸೊನ್ನೆ ಎಂದು ಬರೆದರೆ ಪ್ರಾಣಿಗಳ ಸಾಂದ್ರತೆ ಇರುವುದಕ್ಕಿಂತ ಹೆಚ್ಚಾಗಿ ಉಬ್ಬುತ್ತದೆ. ಆಮೇಲೆ ಯಾವ ಕಂಪ್ಯೂಟರೂ ಅದನ್ನು ಸರಿಪಡಿಸಲಾರದು.

ಕುಟ್ಟದ ಕಡೆ ಸಾಗುವಾಗ ಕಾಗೆಗಳು ಒಂದೇ ಕಡೆ ಸುತ್ತುತ್ತಿದ್ದರೆ ಅಲ್ಲೊಂದು ಕಳೇಬರ ಇರಬಹುದು. ಕೆಳಗಿಳಿದು ನೋಡುವುದು ಅರಣ್ಯ ಇಲಾಖೆಯ ಅನುಮತಿ ಇದ್ದವರಿಗೆ ಮಾತ್ರ. ಹುಲಿ ಪಕ್ಕದ ಲಂಟಾನದಲ್ಲೇ ಮಲಗಿರಬಹುದು. ಹುಲಿ ಸಾಮಾನ್ಯವಾಗಿ ಹಿಂದೊಡೆಯಿಂದ ತಿನ್ನತೊಡಗುತ್ತದೆ. ಆದರೆ ತಿಂದ ಪ್ರಾಣಿಯೇ ಕೊಂದದ್ದು ಎನ್ನುವಂತಿಲ್ಲ. ಕುತ್ತಿಗೆಯ ಚರ್ಮ ಬಿಡಿಸಿ ನೋಡಬೇಕು: ಜೀವವಿದ್ದಾಗ ಹಲ್ಲು ನಾಟಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಸತ್ತ ಮೇಲೆ ಕಚ್ಚಿದ್ದರೆ ಹಾಗಿರುವುದಿಲ್ಲ. ಕೊನೆಗೆ ತೊಡೆಯ ಮೂಳೆ ಒಡೆಯುತ್ತಾರೆ. ಮಜ್ಜೆ ಗಟ್ಟಿಯಾಗಿ ಬೆಳ್ಳಗಿದ್ದರೆ ಮೈತುಂಬಿಕೊಂಡಿದ್ದ ಪ್ರಾಣಿ. ಕೆಂಪಾಗಿ ಲೋಳೆಯಂತಿದ್ದರೆ ಬೇಸಿಗೆಯ ಹಸಿವೋ ಕಾಯಿಲೆಯೋ ಅದನ್ನು ಮೊದಲೇ ಸೊರಗಿಸಿತ್ತು.