ರೋಸ್ ಟ್ರೀ: ಲಂಡನ್ ನಾಟಕ ಹತ್ತಿದ ಐರಿಷ್ ಮಟ್ಟು

ಸದ್ಯ ನನ್ನ ವಯೊಲಿನ್ ಮೇಲೆ ಕೂತಿರುವುದು ‘ರೋಸ್ ಟ್ರೀ’ ಅನ್ನೋ ಐರಿಷ್ ಮಟ್ಟು. ಚಿಕ್ಕದು. ಎರಡೇ ಭಾಗ, ಒಂದೊಂದನ್ನೂ ಎರಡು ಸಲ ನುಡಿಸಿದರೆ ಮುಗೀತು. ಪಾಶ್ಚಾತ್ಯರ ಡಿ ಮೇಜರ್ ಸ್ವರಶ್ರೇಣಿ, ಅಂದ್ರೆ ಹೆಚ್ಚುಕಡಿಮೆ ನಮ್ಮ ಬಿಲಾವಲ್ ರಾಗದ ಸ್ವರಗಳೇ. ಆದರೂ ಬೆಳಗಾವಿಯಲ್ಲಿ ಹಿಂದೂಸ್ತಾನಿ ಕಲಿತ ಕೈಗೆ ಅದು ಸುಮ್ನೆ ಒಗ್ಗೋದಿಲ್ಲ. ತಂತಿಗಳನ್ನು ಸಾ-ಪ-ಸಾ-ಪ ಬಿಟ್ಟು ಜಿ, ಡಿ, ಎ, ಇ ಮಾಡಿಕೊಳ್ಳಬೇಕು, ಸ್ವರದಿಂದ ಸ್ವರಕ್ಕೆ ಜಾರಿಸಿ ಮೀಂಡ್ ಎಳೆಯೋ ಚಾಳಿ ಬಿಡಬೇಕು, ಕಮಾನು ಕುಣೀಬೇಕು.

ಇದರ ಕಥೆ ಮಾತ್ರ ಮಜಾ ಇದೆ. 1783ರ ನವೆಂಬರ್‌ನಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ‘ದ ಪೂರ್ ಸೋಲ್ಜರ್’ ಅನ್ನೋ ಹಾಸ್ಯದ ಸಂಗೀತ ನಾಟಕ ಬಂತು. ಅದರ ಒಂದು ಹಾಡಿಗೆ ಹಾಕಿದ್ದು ಇದೇ ಮಟ್ಟು. ಬರೆದವನು ಡಬ್ಲಿನ್‌ನ ಜಾನ್ ಓಕೀಫ್. ಆಗಲೇ ಅವನ ಕಣ್ಣು ಮಂಜಾಗಿತ್ತು. ತನಗೆ ಗೊತ್ತಿದ್ದ ಐರಿಷ್ ಮಟ್ಟುಗಳನ್ನು ಅವನು ಹಾಡಿ ತೋರಿಸೋದು, ಸಂಗೀತ ಸಂಯೋಜಕ ವಿಲಿಯಂ ಶೀಲ್ಡ್ ಅದನ್ನು ಬರೆದುಕೊಂಡು ವಾದ್ಯಗಳಿಗೆ ಕೂಡಿಸೋದು, ಹೀಗೆ ಕೆಲಸ ನಡೀತಿತ್ತು. ನಾಯಕ ಪ್ಯಾಟ್ರಿಕ್‌ನ ಪಾತ್ರ ಮಾಡಿದ್ದು ಮಿಸೆಸ್ ಕೆನಡಿ. ನಮ್ಮ ಕಂಪನಿ ನಾಟಕದಲ್ಲಿ ಗಂಡಸರು ಸೀರೆ ಉಡುತ್ತಿದ್ದರು, ಅಲ್ಲಿ ಉಲ್ಟಾ!

ನಾಟಕ ಅಮೆರಿಕಕ್ಕೂ ಹೋಯಿತು, ಜಾರ್ಜ್ ವಾಷಿಂಗ್ಟನ್‌ಗೂ ಇಷ್ಟವಾಯಿತು. ಆಮೇಲೆ ಐರಿಷ್ ಕವಿ ಥಾಮಸ್ ಮೂರ್ ‘ರೋಸ್ ಟ್ರೀ’ ಮಟ್ಟಿಗೇ ಬೇರೆ ಹಾಡು ಬರೆದ, ಇಂಗ್ಲೆಂಡಿನ ಮಾರಿಸ್ ಅನ್ನೋ ಜನಪದ ಕುಣಿತದವರೂ ಅದನ್ನು ಎತ್ತಿಕೊಂಡರು. ಸ್ಕಾಟ್ಲೆಂಡಿನವರು ಅದು ಮೊದಲು ನಮ್ಮದೇ ಅಂತಾರೆ. ಗಡಿ ಜಗಳ ಬೆಳಗಾವಿಯವರಿಗೆ ಹೊಸದೇನಲ್ಲ ಬಿಡಿ.

ಹಳ್ಳಿ ಮಟ್ಟನ್ನು ನಾಟಕದವರು ಎತ್ತಿಕೊಂಡರೆ ‘ಕದ್ದರು’ ಅನ್ನೋರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಆ ನಾಟಕವನ್ನು ಈಗ ಆಡುವವರು ಅಪರೂಪ, ಮಟ್ಟು ಮಾತ್ರ ಫಿಡಲ್‌ನವರ ಕೈಯಲ್ಲಿ ಆರಾಮಾಗಿದೆ. ರಂಗದ ಮೇಲೆ ಬಂದಿದ್ದರಿಂದ ಅದು ಇನ್ನಷ್ಟು ಊರು ಸುತ್ತಿತು, ಅಷ್ಟೇ ಅಲ್ವಾ?

ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಮಾಡಿದ್ದೂ ಇದನ್ನೇ. 1880ರ ‘ಸಂಗೀತ ಶಾಕುಂತಲ’ದಿಂದ ಶುರುವಾದ ಅವರ ಮರಾಠಿ ನಾಟಕಗಳಿಗೆ ಕನ್ನಡದ ಮಟ್ಟುಗಳೂ ಹೋದವು. ನಾಟ್ಯಸಂಗೀತ, ಅಂದ್ರೆ ಮರಾಠಿ ನಾಟಕದ ಹಾಡು, ಅಂದ ಕೂಡಲೇ ಪುಣೆ, ಮುಂಬೈ ಅಂತೀವಿ, ನಮ್ಮ ಕಡೆಯ ಹಾಡುಗಳ ನೆನಪೇ ಬರೋದಿಲ್ಲ. ಇದು ಮಾತ್ರ ನನಗೆ ಬೇಜಾರು. ಹಳೇ ಮರಾಠಿ ನಾಟಕದ ಪುಸ್ತಕಗಳಲ್ಲಿ ಪದಗಳ ಮೇಲೆ ‘ಚಾಲ’ ಅಂತ ಹಾಕಿ, ಯಾವ ಹಾಡಿನ ಧಾಟಿ ಅಂತ ಅಚ್ಚು ಮಾಡ್ತಿದ್ದರು. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ತೆಗೆದು ನೋಡಿ, ಕನ್ನಡ ಸಾಲು ಕಂಡರೆ ನನಗೂ ಹೇಳಿ.