ಲಂಡನ್‌ನಿಂದ ಸಿಡ್ನಿಗೆ: ಟಿಕೆಟ್ ಮಾಡಿಸುವ ಮುಂಚೆ ಗಂಟೆಗಳ ಲೆಕ್ಕ

ಸೋಮವಾರ ರಾತ್ರಿ 8.30ಕ್ಕೆ ಲಂಡನ್‌ನ ಹೀಥ್ರೂದಿಂದ ಹೊರಟೆ. ಸಿಡ್ನಿಯಲ್ಲಿ ಇಳಿದಾಗ ಬುಧವಾರ ಬೆಳಿಗ್ಗೆ 7 ಗಂಟೆ. ಮಂಗಳವಾರ ಪೂರ್ತಿ ದಾರಿಯಲ್ಲೇ ಕಳೆದುಹೋಯಿತು.

ಟಿಕೆಟ್ ನೋಡಿದರೆ ಮೂವತ್ತನಾಲ್ಕೂವರೆ ಗಂಟೆ ಅನಿಸುತ್ತದೆ, ಅಲ್ವಾ? ಗಾಬರಿ ಬೇಡ. ನಾನು ಹೋಗಿದ್ದು ಜುಲೈನಲ್ಲಿ. ಆಗ ಸಿಡ್ನಿಯ ಗಡಿಯಾರ ಲಂಡನ್‌ಗಿಂತ 9 ಗಂಟೆ ಮುಂದೆ. ಅದನ್ನು ಕಳೆದರೆ ಉಳಿಯುವುದು ಇಪ್ಪತ್ತೈದೂವರೆ ಗಂಟೆ: ಸಿಂಗಪುರದವರೆಗೆ 13, ಅಲ್ಲಿ ಕಾಯುವುದು ನಾಲ್ಕೂವರೆ, ಆಮೇಲೆ 8. ಡಿಸೆಂಬರ್, ಜನವರಿಯಲ್ಲಿ ಹೋಗುವವರು 11 ಗಂಟೆ ಕಳೆಯಬೇಕು.

ಎರಡೂ ಊರಿನ ನಡುವೆ ನೇರ ದೂರ ಸುಮಾರು 17,000 ಕಿಲೋಮೀಟರ್. ಸಿಂಗಪುರದಲ್ಲಿ ಇಳಿದರೆ ಸುತ್ತು ಬಳಸಿದ ಹಾಗಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ಲಂಡನ್‌ನಿಂದ ಸಿಂಗಪುರಕ್ಕೆ ಸುಮಾರು 10,900, ಅಲ್ಲಿಂದ ಸಿಡ್ನಿಗೆ 6,300. ಇನ್ನೂರು ಕಿಲೋಮೀಟರ್ ಅಷ್ಟೇ ಜಾಸ್ತಿ. ಹಾಗಾಗಿ ದೂರಕ್ಕಿಂತ ನಡುವೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ನೋಡಿ ಟಿಕೆಟ್ ಆರಿಸಿಕೊಳ್ಳಿ.

ಎರಡೂ ವಿಮಾನಕ್ಕೆ ಒಂದೇ ಬುಕಿಂಗ್ ಇರಬೇಕು ಅನ್ನುವುದನ್ನು ನಾನು ಕಲಿತದ್ದು ಪೆಟ್ಟು ತಿಂದು. ಇದಕ್ಕೆ ಹಿಂದಿನ ಸಲ ದುಡ್ಡು ಉಳಿಯಲಿ ಅಂತ ಬೇರೆ ಬೇರೆ ಕಂಪನಿಗಳಲ್ಲಿ ಎರಡು ಟಿಕೆಟ್ ಮಾಡಿಸಿದ್ದೆ. ಮೊದಲ ವಿಮಾನ ತಡವಾಯಿತು, ಎರಡನೆಯದು ನನ್ನನ್ನು ಬಿಟ್ಟು ಹೊರಟುಹೋಯಿತು. ಹೊಸ ಟಿಕೆಟ್‌ಗೆ ಕೈಯಿಂದಲೇ ದುಡ್ಡು ಹಾಕಬೇಕಾಯಿತು. ಒಂದೇ ಬುಕಿಂಗ್ ಆಗಿದ್ದರೆ ಮುಂದಿನ ವಿಮಾನ ಹತ್ತಿಸುವ ಹೊಣೆ ವಿಮಾನ ಕಂಪನಿಯದೇ ಆಗಿರುತ್ತಿತ್ತು. ದಯವಿಟ್ಟು ಒಂದೇ ಬುಕಿಂಗ್‌ನಲ್ಲಿ ಹೋಗಿ. ಬ್ಯಾಗ್ ಸಿಡ್ನಿವರೆಗೆ ಹೋಗುತ್ತದಾ ಅಂತ ಚೆಕ್-ಇನ್ ಕೌಂಟರ್‌ನಲ್ಲೇ ಕೇಳಿ, ಬ್ಯಾಗಿನ ಚೀಟಿಯಲ್ಲಿ ಸಿಡ್ನಿ ಏರ್‌ಪೋರ್ಟ್‌ನ ಗುರುತಕ್ಷರ 'ಎಸ್‌ವೈಡಿ' (SYD) ಅಂತ ಇದೆಯಾ ಕಣ್ಣಾರೆ ನೋಡಿ.

ಮೊದಲ 13 ಗಂಟೆಯಲ್ಲಿ ಶೂ ಬಿಚ್ಚಿಟ್ಟಿದ್ದೆ. ಸಿಂಗಪುರದಲ್ಲಿ ಹಾಕಿಕೊಳ್ಳಲು ಹೋದರೆ ಪಾದ ಊದಿ ಒಳಗೆ ಹೋಗಲೇ ಇಲ್ಲ. ಲೇಸ್ ಪೂರ್ತಿ ಸಡಿಲ ಮಾಡಿ ಹೇಗೋ ತುರುಕಿದೆ. ನಡುದಾರಿಯ ಪಕ್ಕದ ಸೀಟು ತಗೊಳ್ಳಿ, ಆಗಾಗ ಎದ್ದು ಓಡಾಡಿ. ಸಿಂಗಪುರದ ಚಾಂಗಿ ಏರ್‌ಪೋರ್ಟ್‌ನಲ್ಲಿ ಸುಮ್ನೆ ಕುರ್ಚಿ ಹಿಡಿದು ಕೂರಬೇಡಿ, ನಡೆಯಿರಿ.

ಸಿಡ್ನಿಯಲ್ಲಿ ಇಳಿಯುವ ಮುಂಚೆ ಜೊತೆಯಲ್ಲಿರುವ ತಿಂಡಿ, ಬೀಜ, ಮರದ ಸಾಮಾನು ಎಲ್ಲವನ್ನೂ ಘೋಷಿಸಬೇಕು. ಒಂದು ಹಣ್ಣು ಮುಚ್ಚಿಟ್ಟರೂ ದಂಡ ಬೀಳಬಹುದು. ಹೇಳಿಬಿಟ್ಟರೆ ನೋಡುತ್ತಾರೆ, ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಜುಲೈ ಅಲ್ಲಿ ಚಳಿಗಾಲ, ಸ್ವೆಟರ್ ಕೈಚೀಲದಲ್ಲೇ ಇರಲಿ.

ವಾಪಸ್ ಬರುವಾಗ ಸಿಂಗಪುರದಿಂದ ಲಂಡನ್‌ಗೆ 14 ಗಂಟೆ ಹಿಡಿಯಿತು. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ವಿಮಾನ ಅದಕ್ಕೆ ಎದುರಾಗಿ ಹೋಗಬೇಕು. ಲಂಡನ್‌ನಲ್ಲಿ ಇಳಿದ ದಿನವೇ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಬೆಳಿಗ್ಗೆ ಇಳಿದರೆ ಹೋಟೆಲ್ ರೂಮ್ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನವೇ. ನಾನು ಬ್ಯಾಗ್ ರಿಸೆಪ್ಷನ್‌ನಲ್ಲಿ ಬಿಟ್ಟು ಫೆರ್ರಿಗಳು ಬಂದು ನಿಲ್ಲುವ ಸರ್ಕ್ಯುಲರ್ ಕೀ ಕಡೆ ನಡೆದೆ. ಎಳೆ ಬಿಸಿಲಲ್ಲಿ ಫೆರ್ರಿಗಳನ್ನು ನೋಡುತ್ತಾ ಓಡಾಡಿದ್ದಕ್ಕೆ ರಾತ್ರಿ 9ರವರೆಗೂ ನಿದ್ದೆ ತಡೆದುಕೊಂಡೆ. ಮರುದಿನ ಎದ್ದಾಗ ಅಲ್ಲಿಯ ಬೆಳಿಗ್ಗೆ ಆರು ಗಂಟೆ.