ಮೂಲೆಯಲ್ಲಿ ನಡುಗುತ್ತಾ ಕೂತ ನಾಯಿ ಮನೆಗೆ ಬಂದರೆ ಸರಿಹೋಗುತ್ತಾ?

ನಾನು ನಾಯಿಗಳ ಶೆಲ್ಟರ್‌ಗೆ ವಾರಕ್ಕೆ ಮೂರು ದಿನ ಹೋಗುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಿ ಒಂದು ಬೀದಿ ನಾಯಿ ನೋಡಿದೆ. ಗೋಡೆಗೆ ಮುಖ ಮಾಡಿ ನಡುಗ್ತಾ ಕೂತಿತ್ತು. ಪಾಪ ಅನ್ನಿಸಿತು. ಆದರೆ ಅಂಥದ್ದನ್ನ ಮನೆಗೆ ತಂದರೆ ಸರಿಹೋಗುತ್ತಾ?" ಕೇಳುವವರ ದನಿಯಲ್ಲಿ ಅರ್ಧ ಕರುಣೆ ಇರುತ್ತದೆ, ಅರ್ಧ ಹೆದರಿಕೆ. ಎರಡೂ ಸಹಜವೇ.

ಹೆಚ್ಚಿನವು ಸರಿಹೋಗುತ್ತವೆ, ಆದರೆ ನಿಧಾನಕ್ಕೆ. ಕೆಲವು ಹೋಗಲ್ಲ. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅದು ಮೂಲೆಯಲ್ಲಿ ಕೂತಿರುವುದು ಯಾಕೆ ಅಂತ ನೋಡೋಣ.

ಬೀದಿಯಲ್ಲಿ ಬೆಳೆದ ನಾಯಿಯನ್ನು ಗಮನಿಸಿದ್ದೀರಾ? ಅಪರಿಚಿತರು ಎದುರು ಬಂದರೆ ಅದು ಸಾಮಾನ್ಯವಾಗಿ ಓಡಿಯೂ ಹೋಗಲ್ಲ, ಹತ್ತಿರಕ್ಕೂ ಬರಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಕಲ್ಲು ಎತ್ತುವ ಕೈ ಯಾವುದು, ಊಟ ಹಾಕುವ ಕೈ ಯಾವುದು ಅಂತ ಅಲ್ಲಿಂದಲೇ ಅಳೆಯುತ್ತದೆ. ಇಷ್ಟವಾದರೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ಎದ್ದು ನಡೆಯುತ್ತದೆ. ಎಷ್ಟು ದೂರದಲ್ಲಿ ಇರಬೇಕು ಅನ್ನೋದನ್ನು ತಾನೇ ತೀರ್ಮಾನಿಸಿಕೊಂಡೇ ಅದು ಇಷ್ಟು ದಿನ ಬದುಕಿದೆ. ಶೆಲ್ಟರ್‌ನಲ್ಲಿ ಮೊದಲು ಕಳೆದುಹೋಗುವುದು ಅದೇ. ಮೂರು ಗೋಡೆ, ಒಂದು ಕಂಬಿ ಬಾಗಿಲು. ಪಕ್ಕಕ್ಕೆ ಸರಿಯೋಕೆ ಜಾಗ ಎಲ್ಲಿದೆ? ಉಳಿದಿರೋದು ಹಿಂದಿನ ಮೂಲೆ ಒಂದೇ. ಅಲ್ಲಿಗೆ ಹೋಗಿ ಕೂರುತ್ತದೆ, ಅಷ್ಟೇ. ನಮಗೆ ಅದು ಹುಚ್ಚು ಹಿಡಿದ ಹಾಗೆ ಕಾಣಬಹುದು. ಆ ಜಾಗದಲ್ಲಿ ನಾನಿದ್ದರೂ ಅಲ್ಲೇ ಕೂರುತ್ತಿದ್ದೆ.

ಇದರ ಮೇಲೆ ಸದ್ದು. ಒಂದು ನಾಯಿ ಬೊಗಳಿದರೆ ಇಡೀ ಸಾಲು ಎದ್ದು ಬೊಗಳುತ್ತದೆ. ಶೆಲ್ಟರ್‌ಗಳಲ್ಲಿ ಸದ್ದು ಅಳೆದವರಿಗೆ 100 ಡೆಸಿಬೆಲ್ ದಾಟಿದ್ದು ಸಿಕ್ಕಿದೆ. ನಮ್ಮ ಕಿವಿಗೇ ಅದು ಜಾಸ್ತಿ. ನಮಗೆ ಕೇಳದ ಕೀರಲು ಸದ್ದುಗಳೂ ನಾಯಿಗೆ ಕೇಳುತ್ತವೆ. ಕಣ್ಣು ಮುಚ್ಚಿದ ಹಾಗೆ ಕಿವಿ ಮುಚ್ಚಿಕೊಳ್ಳೋಕೆ ಅದಕ್ಕೂ ಆಗಲ್ಲ. ಹಾಗಾಗಿ ನಿದ್ದೆ ಕೆಡುತ್ತದೆ. ವಾರಗಟ್ಟಲೆ ಸರಿಯಾಗಿ ಮಲಗದ ಮನುಷ್ಯನ ಸ್ವಭಾವ ನೋಡಿ ಇವನು ಇಷ್ಟೇ ಅಂತ ತೀರ್ಪು ಕೊಡುತ್ತೀವಾ?

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಮೈ ಒತ್ತಡದಲ್ಲಿದ್ದಾಗ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರುತ್ತದೆ. ಶೆಲ್ಟರ್‌ಗೆ ಬಂದ ಮೊದಲ 3 ದಿನ ನಾಯಿಗಳ ರಕ್ತದಲ್ಲಿ ಅದು ಹೆಚ್ಚಿರುತ್ತದೆ ಅಂತ 1997ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ನನಗೆ ಅದಕ್ಕಿಂತ ಇಷ್ಟವಾದದ್ದು 2019ರ ಇನ್ನೊಂದು ಅಧ್ಯಯನ. ಐದು ಶೆಲ್ಟರ್‌ಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಯಾರದೋ ಮನೆಯಲ್ಲಿ ಬಿಟ್ಟರು. ಮೂತ್ರ ಪರೀಕ್ಷೆ ಮಾಡಿದರೆ ಮನೆಯಲ್ಲಿದ್ದಾಗ ಕಾರ್ಟಿಸಾಲ್ ಇಳಿದಿತ್ತು. ವಾಪಸ್ ಬಂದ ಮೇಲೆ ಮತ್ತೆ ಹಳೇ ಮಟ್ಟಕ್ಕೆ ಹೋಯಿತು. ಅದೇ ನಾಯಿ, ಅದೇ ವಾರ. ಬದಲಾಗಿದ್ದು ಜಾಗ ಮಾತ್ರ.

ಇನ್ನು ಕೆಂಚಿಯ ಕತೆ.

ಕೆಂಚಿ ಬಂದಾಗ ಅವಳಿಗೆ ಎರಡು ವರ್ಷ ಇರಬಹುದು. ಕೆಂಪು ಮೈ, ಎಡಗಿವಿ ತುದಿ ಹರಿದಿತ್ತು. ಎರಡು ಗೋಡೆ ಸೇರುವ ಸಂದಿಗೆ ಮೂಗು ತೂರಿಸಿ, ಬೆನ್ನು ನಮ್ಮ ಕಡೆ ಮಾಡಿ ಕೂತಿರುತ್ತಿದ್ದಳು. ಹಗಲು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಹೋದರೆ ತಟ್ಟೆ ಖಾಲಿ ಇರುತ್ತಿತ್ತು. ಅಂದರೆ ರಾತ್ರಿ ದೀಪ ಆರಿಸಿದ ಮೇಲೆ ಎದ್ದು ತಿನ್ನುತ್ತಿದ್ದಳು. ನೋಡೋಕೆ ಬಂದವರು ಕಂಬಿಗೆ ಮುಖ ಅಂಟಿಸಿ, ಚಪ್ಪಾಳೆ ತಟ್ಟಿ, "ಬಾ ಬಾ" ಅಂತ ಕರೆಯೋರು. ಅವಳು ಒಮ್ಮೆ ಆಕಳಿಸಿ, ಮೂಗು ನೆಕ್ಕಿಕೊಂಡು, ಇನ್ನೂ ಒಳಗೆ ಒತ್ತಿಕೊಳ್ಳುತ್ತಿದ್ದಳು. "ನೋಡಿ, ನಿದ್ದೆ ಬಂದಿದೆ ಇದಕ್ಕೆ" ಅಂತ ಒಬ್ಬರು ನಕ್ಕರು. ಅದು ನಿದ್ದೆಯ ಆಕಳಿಕೆ ಅಲ್ಲ. ಸೆಕೆ ಇಲ್ಲದೆ ಏದುಸಿರು ಬಿಡೋದು, ತಿನ್ನೋಕೆ ಏನೂ ಇಲ್ಲದಿದ್ದರೂ ತುಟಿ ನೆಕ್ಕೋದು, ತಲೆ ತಿರುಗಿಸಿಕೊಂಡು ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡೋದು, ಇದ್ದಕ್ಕಿದ್ದಂತೆ ಕೂದಲು ಉದುರೋದು, ಇವೆಲ್ಲ ಒಂದೇ ಮಾತು ಹೇಳುತ್ತವೆ: ಸ್ವಲ್ಪ ದೂರ ಹೋಗಿ.

ಮೊದಲ ದಿನಗಳಲ್ಲಿ ನಾನೂ ತಪ್ಪು ಮಾಡಿದೆ. ಮೈ ಸವರಿದರೆ ಸಮಾಧಾನ ಆಗಬಹುದು ಅಂತ ಕೈ ಚಾಚಿದೆ. ಅವಳು ಅಲ್ಲಾಡಲೇ ಇಲ್ಲ, ಕಲ್ಲಿನ ಹಾಗೆ ಗಟ್ಟಿಯಾದಳು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಅಲ್ಲಿ ದಿನಾ ಗೂಡು ತೊಳೆಯುವ ಅಕ್ಕ ಬಂದು, "ಉಸಿರು ನೋಡಿ, ಉಸಿರೇ ಬಿಡ್ತಿಲ್ಲ ಅದು. ಈ ಕಡೆ ಬನ್ನಿ" ಅಂದರು. ನಾಚಿಕೆ ಆಯಿತು. ಮರುದಿನದಿಂದ ಗೂಡಿನೊಳಗೆ ಹೋಗಿ, ಬಾಗಿಲ ಹತ್ತಿರ ಅವಳಿಗೆ ಬೆನ್ನು ಕೊಟ್ಟು ಕೂತು, ಪುಸ್ತಕ ಓದತೊಡಗಿದೆ. 20 ನಿಮಿಷ, ಸುಮ್ನೆ. ಎದ್ದು ಬರುವಾಗ ನೆಲದ ಮೇಲೆ ಎರಡು ಚೂರು ತಿಂಡಿ ಬಿಟ್ಟು ಬರುತ್ತಿದ್ದೆ. ಕರೆಯೋದಿಲ್ಲ, ತಿರುಗಿ ನೋಡೋದಿಲ್ಲ. ಹನ್ನೊಂದನೇ ದಿನ ಮೊಣಕೈ ಹತ್ತಿರ ಬೆಚ್ಚಗೆ ಗಾಳಿ ತಾಕಿತು. ನನ್ನ ಉಸಿರೇ ನಿಂತುಹೋಯಿತು. ಮೂಗು ತೋಳಿನ ಉದ್ದಕ್ಕೂ ಓಡಾಡಿತು. ಪುಸ್ತಕದ ಅಂಚನ್ನು ಮೂಸಿತು. ಆಮೇಲೆ ಉಗುರಿನ ಟಿಕ್ ಟಿಕ್ ಸದ್ದು, ಅವಳು ವಾಪಸ್ ಮೂಲೆಗೆ. ಹೋಗೋಕೆ ಬಿಟ್ಟೆ. ಹೋಗೋಕೆ ಬಿಡ್ತಾರೆ ಅಂತ ಗೊತ್ತಾದ ಮೇಲೆ ಬರೋದು ಸುಲಭ ಆಯಿತು ಅವಳಿಗೆ. ಮುಂದಿನ ವಾರ ತಾನೇ ಬಂದು ಪಕ್ಕದಲ್ಲಿ ಮಲಗಿದಳು.

ಅವಳನ್ನು ಒಯ್ದವರು ಸದ್ದುಗದ್ದಲ ಇಲ್ಲದ ಮನೆಯ ಒಬ್ಬ ಹೆಂಗಸು. ನಾನು ಹೇಳಿದ್ದು ಕೆಲವೇ ಮಾತು. ಮೊದಲ ದಿನವೇ ಸ್ನಾನ ಮಾಡಿಸಬೇಡಿ. (ಇದನ್ನು ಯಾಕೋ ಎಲ್ಲರೂ ಮಾಡುತ್ತಾರೆ. ಹೊಸ ಜಾಗ, ಹೊಸ ಜನ, ಮೇಲಿಂದ ಬಕೆಟ್ಟು ನೀರು!) ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಒಂದು ಮೂಲೆ ಕೊಡಿ, ಆ ಮೂಲೆಯಲ್ಲಿರುವಾಗ ಯಾರೂ ಮುಟ್ಟಬಾರದು. ಹೊರಗೆ ಕರೆದೊಯ್ಯುವಾಗ ಕತ್ತಿನ ಬೆಲ್ಟು ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟು ತಲೆ ಮೇಲಿಂದ ಜಾರಿಬಿಡುತ್ತದೆ. ಎದೆಗೆ ಹಾಕುವ ಹಾರ್ನೆಸ್ಸೂ ಇರಲಿ, ಎರಡಕ್ಕೂ ಹಗ್ಗ ಇರಲಿ. ಮುಂಬಾಗಿಲು ತೆಗೆಯುವ ಮುಂಚೆ ನಾಯಿ ಎಲ್ಲಿದೆ ನೋಡಿ. ಹೊಸ ನಾಯಿ ತಪ್ಪಿಸಿಕೊಳ್ಳೋದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಇನ್ನೂ ಅದಕ್ಕೆ ನಿಮ್ಮ ಮನೆ ಮನೆ ಅಲ್ಲ, ಓಡಿದರೆ ವಾಪಸ್ ಬರಬೇಕು ಅನ್ನೋದು ಹೊಳೆಯಲ್ಲ.

ಗುರ್ ಅಂದರೆ ಬೈಯಬೇಡಿ ಅಂತಲೂ ಹೇಳಿದೆ. ಇದನ್ನು ಯಾರೂ ಒಪ್ಪೋದಿಲ್ಲ, ಆದರೂ ಹೇಳುತ್ತಿರುತ್ತೇನೆ. ಗುರುಗುಟ್ಟೋದು ಎಚ್ಚರಿಕೆ. ಬೈದು ಬೈದು ಅದನ್ನು ಬಾಯಿ ಮುಚ್ಚಿಸಿದರೆ, ಮುಂದೆ ಎಚ್ಚರಿಕೆ ಇಲ್ಲದೆ ಹಲ್ಲು ಬರಬಹುದು.

ಶೆಲ್ಟರ್ ಮಂದಿ 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಗಾಬರಿ ಇಳಿಯೋಕೆ 3 ದಿನ, ಮನೆಯ ರೀತಿ ತಿಳಿಯೋಕೆ 3 ವಾರ, ಇದು ನನ್ನ ಮನೆ ಅನ್ನಿಸೋಕೆ 3 ತಿಂಗಳು. ಅಂದಾಜಿನ ಲೆಕ್ಕ ಅದು. ಕೆಂಚಿಯಂಥವರಿಗೆ ಜಾಸ್ತಿಯೇ ಹಿಡಿಯುತ್ತದೆ. ನಾಲ್ಕು ದಿನ ಅವಳು ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ನುಣುಪು ನೆಲ, ಮೆಟ್ಟಿಲು, ಕನ್ನಡಿಯೊಳಗೆ ಇನ್ನೊಂದು ನಾಯಿ, ಎಲ್ಲಕ್ಕೂ ಬೆಚ್ಚುತ್ತಿದ್ದಳು. ಆಮೇಲೆ ಒಂದು ತಿಂಗಳು ಭಾರಿ ಸಾಧು. ಬೊಗಳೋದಿಲ್ಲ, ಏನನ್ನೂ ಮುಟ್ಟೋದಿಲ್ಲ. ಆ ಮೇಲೆ ಫೋನ್ ಬಂತು. "ನಿಮ್ಮ ಕೆಂಚಿ ಕೆಟ್ಟು ಹೋಗ್ತಿದ್ದಾಳೆ ಕಣ್ರೀ. ಚಪ್ಪಲಿ ಕಚ್ಚಿ ಹಾಕಿದಾಳೆ, ಬಾಗಿಲು ಬಡಿದರೆ ಬೊಗಳ್ತಾಳೆ." ನನಗೆ ಕುಣಿಯೋ ಹಾಗಾಯಿತು. ಆ ಸಾಧುತನ ಬರೀ ಹೆದರಿಕೆ. ಈಗ ಬಂದವಳು ನಿಜವಾದ ಕೆಂಚಿ. ಎಷ್ಟೋ ಜನ ಈ ಘಟ್ಟದಲ್ಲೇ ತಪ್ಪು ತಿಳಿದು ನಾಯಿಯನ್ನು ವಾಪಸ್ ತಂದುಬಿಡುತ್ತಾರೆ.

ಸರಿಹೋಗದ ನಾಯಿಗಳ ಮಾತು ಹೇಳುತ್ತೇನೆ ಅಂದಿದ್ದೆ. ಮರಿಗೆ ಸುಮಾರು 3ರಿಂದ 14 ವಾರದ ನಡುವೆ ಮನುಷ್ಯರ ಕೈ ಪರಿಚಯ ಆಗಬೇಕು. ಆಗ ಆಗದೇ ಹೋದ ಕೆಲವು ನಾಯಿಗಳು ದೊಡ್ಡವಾದ ಮೇಲೆ ನಾಲ್ಕು ಗೋಡೆಯೊಳಗೆ ಕೊನೆವರೆಗೂ ಹೆದರಿಯೇ ಇರುತ್ತವೆ. ಒಂದು ನಾಯಿಯನ್ನು ಎರಡು ಮನೆಗೆ ಕಳಿಸಿ, ಎರಡೂ ಸಲ ವಾಪಸ್ ಕರೆಸಿಕೊಂಡೆವು. ಅದಕ್ಕೆ ಬೇಕಿದ್ದದ್ದು ಅಂಗಳ, ಬೇರೆ ನಾಯಿಗಳು, ಮುಟ್ಟೋಕೆ ಬರದ ಮನುಷ್ಯರು. ಹೆದರಿಕೆ ಅಂತ ನಾವು ಅಂದುಕೊಂಡದ್ದು ನೋವೂ ಆಗಿರಬಹುದು. ಕಿವಿಯೊಳಗೆ ಸೋಂಕು, ಮುರಿದ ಹಲ್ಲು ಇದ್ದರೆ ಯಾರೂ ಹತ್ತಿರ ಬರೋದು ಬೇಡ ಅನ್ನಿಸುತ್ತದೆ. ಹಾಗಾಗಿ ಡಾಕ್ಟರಿಗೆ ತೋರಿಸದೆ ಸ್ವಭಾವದ ಬಗ್ಗೆ ಮಾತಾಡಬೇಡಿ. ಕೆಲವು ನಾಯಿಗೆ ಆತಂಕ ಇಳಿಸುವ ಔಷಧಿಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ರೇಬಿಸ್ ಲಸಿಕೆ ಆಗಿದೆಯಾ ಅಂತ ಕೇಳಿ, ಕಾಗದ ನೋಡಿ. ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬರದಿದ್ದರೂ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಪ್ರೀತಿ ಬೇರೆ, ಇದು ಬೇರೆ.

ಚಿಕ್ಕ ಮಕ್ಕಳಿರುವ ಮನೆಗೆ ಮೂಲೆಯಲ್ಲಿ ಕೂತ ನಾಯಿಯನ್ನು ನಾನು ಕಳಿಸಲ್ಲ. ಮಕ್ಕಳಿಗೆ ದೂರ ಅನ್ನೋದು ಅರ್ಥ ಆಗಲ್ಲ. ಬರೀ ಪಾಪ ಅಂತ ಒಯ್ಯುವವರಿಗೂ ಒಂದು ವಾರ ಯೋಚಿಸಿ ಅನ್ನುತ್ತೇನೆ. ಪಾಪ ಅನ್ನೋ ಭಾವನೆ ಬೇಗ ಕರಗುತ್ತದೆ. ನಾಯಿ ಹತ್ತು ಹನ್ನೆರಡು ವರ್ಷ ಇರುತ್ತದೆ, ಅಲ್ವಾ?

ಹಾಗಂತ ನೋಡೋಕೂ ಹೋಗಬೇಡಿ ಅಂತಲ್ಲ. ಹೋಗುವುದಾದರೆ ರಜಾದಿನ ಬೇಡ, ಅವತ್ತು ಜನ ಜಾಸ್ತಿ, ಗಲಾಟೆ ಜಾಸ್ತಿ. ವಾರದ ನಡುವೆ, ಊಟ ಹಾಕಿ ನಾಯಿಗಳು ಸ್ವಲ್ಪ ತಣ್ಣಗಾದ ಹೊತ್ತಿಗೆ ಹೋಗಿ. ಗೂಡು ತೊಳೆಯುವವರನ್ನು ಕೇಳಿ, ಆಫೀಸಿನಲ್ಲಿ ಕೂತವರಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ. ಆ ನಾಯಿಯನ್ನು ಬೊಗಳಾಟದಿಂದ ದೂರ ಅಂಗಳಕ್ಕೆ ಬಿಡಿಸಿ ನೋಡಿ. ಐದು ನಿಮಿಷದಲ್ಲಿ ಬಾಲ ಸಡಿಲವಾಗಿ, ನೆಲ ಮೂಸೋಕೆ ಶುರು ಮಾಡಿದರೆ ಒಳ್ಳೇ ಸೂಚನೆ. ಖಾಯಂ ಇಟ್ಟುಕೊಳ್ಳೋಕೆ ಧೈರ್ಯ ಇಲ್ಲವಾ? ಎರಡು ರಾತ್ರಿಗೆ ಮಾತ್ರ ಕೊಡಿ ಅಂತ ಕೇಳಿ. ಕೆಲವು ಶೆಲ್ಟರ್‌ಗಳು ಕೊಡುತ್ತವೆ.

ಸದ್ಯಕ್ಕೆ ನಮ್ಮಲ್ಲಿ ಒಬ್ಬ ಕರಿಯ ಇದ್ದಾನೆ. ಬಂದು ಮೂರು ವಾರ ಆಯಿತು. ನೀರಿನ ಬಟ್ಟಲಿನ ಹಿಂದೆ ಕೂತು ಬಾಗಿಲನ್ನೇ ನೋಡುತ್ತಾನೆ, ಯಾರಾದರೂ ನಿಂತರೆ ತಲೆ ತಿರುಗಿಸುತ್ತಾನೆ. ನಿನ್ನೆ ಅವನ ಗೂಡಲ್ಲಿ ಬೆನ್ನು ಕೊಟ್ಟು ಕೂತಿದ್ದೆ. ನಾಲ್ಕನೇ ದಿನ ಅದು. ಅವನು ಬರಲಿಲ್ಲ, ಆದರೆ ನಾನಿರುವಾಗಲೇ ಎದ್ದು ಲಪ ಲಪ ಅಂತ ನೀರು ಕುಡಿದ.